ಹುಳು ಚೆನ್ನಾಗಿವೆ ಎಂದೆ

ನನಗೆ ಹೊಟ್ಟೆಕಿಚ್ಚಾಯಿತು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸುತ್ತಿ ಬಳಸಿ ಹೇಳುವ ಕಷ್ಟ ಬೇಡ. ಸ್ವಂತ ತಂಗಿಯ ಮೇಲೆ, ಅವಳ ಕಾಟೇಜಿನ ಮೇಲೆ, ಕೊನೆಗೆ ಅವಳ ಪಾಲಿಗೆ ಬಂದ ಬಂಡೆಯ ಮೇಲೂ.

ಕಲ್ಯ ಎಂಬ ಊರಿನ ಆಚೆ ನಮ್ಮಪ್ಪನಿಗೆ ಎರಡು ಕಡೆ ಜಮೀನಿತ್ತು. ಒಂದು ರಸ್ತೆಗೆ ಅಂಟಿಕೊಂಡ ಸಮತಟ್ಟಾದ ಹೊಲ, ಇನ್ನೊಂದು ಬೆಟ್ಟದ ಬುಡದ ಕಲ್ಲುಗುಡ್ಡೆ. ನಾವಿಬ್ಬರೇ ಹೆಣ್ಣುಮಕ್ಕಳು. ಭಾಗ ಮಾಡುವ ದಿನ ಅಪ್ಪ, "ದೊಡ್ಡೋಳು ನೀನು, ಮೊದ್ಲು ನೀನೇ ಆರಿಸ್ಕೊ" ಎಂದರು. ನಾನು ಯೋಚನೆಯನ್ನೇ ಮಾಡದೆ ರಸ್ತೆ ಪಕ್ಕದ್ದು ಎಂದೆ. ತಂಗಿಯ ಸಪ್ಪೆ ಮುಖ ನೋಡಿ ಒಳಗೊಳಗೇ ಖುಷಿಯಾಗಿತ್ತು, ಅದನ್ನೂ ಹೇಳಬೇಕು. ಎರಡು ಸಾವಿರದ ಇಸವಿಯ ಈಚೆಗೆ ನಮ್ಮ ಕಡೆ ಕಾರ್ಖಾನೆಗಳು ಬರತೊಡಗಿದಾಗ ಮೊದಲು ಹೋದದ್ದು ರಸ್ತೆ ಪಕ್ಕದ ಹೊಲಗಳೇ. ನಾನೂ ನನ್ನ ಗಂಡನೂ ನಮ್ಮದನ್ನು ಮಾರಿ ರಾಮನಗರದಲ್ಲಿ ಮನೆ ಕಟ್ಟಿಕೊಂಡೆವು. ಹೊಲವಿದ್ದ ಕಡೆ ಈಗ ಉದ್ದನೆಯ ಗೋಡೆ, ಗೇಟಿನಲ್ಲಿ ಒಬ್ಬ ಕಾವಲುಗಾರ. ಬಸ್ಸಿನಲ್ಲಿ ಹೋಗುವಾಗ ನಾನು ಆ ಕಡೆ ನೋಡುವುದಿಲ್ಲ.

ಕಲ್ಲುಗುಡ್ಡೆಯನ್ನು ಯಾರೂ ಕೇಳಲಿಲ್ಲ. ತಂಗಿ, ಅವಳ ಗಂಡ ಮಣ್ಣಿದ್ದಷ್ಟು ಜಾಗದಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕಿದರು. ಮಿಕ್ಕ ಕಡೆ ಚಪ್ಪಡಿ ಕಲ್ಲಿನ ಎರಡು ಕೋಣೆ ಎಬ್ಬಿಸಿ, ಹೆಂಚು ಹೊದಿಸಿ, ಕಾಟೇಜು ಎಂದು ಬೋರ್ಡು ನೆಟ್ಟರು. ಶನಿವಾರವಾದರೆ ಬೆಂಗಳೂರಿನ ಕಾರುಗಳು ಬರುವುದಕ್ಕೆ ಶುರುವಾಯಿತು. ಒಂದು ಸಲ ತಂಗಿ ಫೋನು ಮಾಡಿ, "ಒಂದು ರೂಮು ಖಾಲಿ ಐತೆ ಅಕ್ಕ, ಬಂದು ಎರಡು ದಿವ್ಸ ಇದ್ದೋಗು" ಎಂದಳು. ಹೋದೆ.

ಬಿಗಿಯಾಗಿ ಎಳೆದ ಬಿಳಿ ಹಾಸಿಗೆ, ಮಡಿಸಿಟ್ಟ ಟವೆಲು, ಬೆರಳಷ್ಟುದ್ದದ ಸೋಪು. ಎಲ್ಲಾದರೂ ಹುಳುಕು ಸಿಗುತ್ತದೇನೋ ಎಂದು ಕೋಣೆಯನ್ನೆಲ್ಲ ತಡಕಾಡಿದೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಸಿ ಸಮಾಧಾನವಾಯಿತು.

ಪಕ್ಕದ ಕೋಣೆಯಲ್ಲಿ ಬೆಂಗಳೂರಿನ ಗಂಡ ಹೆಂಡತಿ ಇದ್ದರು. ಅಂಗಳದ ಆಚೆಯ ದೊಡ್ಡ ಬಂಡೆಯ ಮುಂದೆ ನಿಂತು ಫೋಟೊ ತೆಗೆದದ್ದೇ ತೆಗೆದದ್ದು. ಚಿಕ್ಕವರಿದ್ದಾಗ ನಾವಿಬ್ಬರೂ ಚೊಂಬು ಹಿಡಿದು ಹೋಗುತ್ತಿದ್ದದ್ದು ಅದೇ ಬಂಡೆಯ ಮರೆಗೆ. ಮಧ್ಯಾಹ್ನ ತಂಗಿ ಅವರಿಗೆ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದನ್ನು ತೋರಿಸಿಕೊಟ್ಟಳು. ಅವರು ಚಪ್ಪಾಳೆ ತಟ್ಟಿದರು. ಹುಟ್ಟಿದಾಗಿನಿಂದ ನಾನೂ ಮುದ್ದೆ ನುಂಗುತ್ತಿದ್ದೇನೆ, ನನಗೆ ಯಾರೂ ತಟ್ಟಿದ್ದಿಲ್ಲ. ಸಂಜೆ ಅವಳು ಅವರನ್ನು ಹುಳುಮನೆಗೂ ಕರೆದುಕೊಂಡು ಹೋದಳು. "ಸೂಪರ್, ಸೂಪರ್" ಎನ್ನುವುದು ನನ್ನ ಕೋಣೆಯವರೆಗೂ ಕೇಳಿಸುತ್ತಿತ್ತು.

ಮಾರನೆಯ ಬೆಳಿಗ್ಗೆ ಅವರ ಕಾರು ಹೋದ ಮೇಲೆ ತಂಗಿ ಬಂದು ಪಕ್ಕದಲ್ಲಿ ಕೂತಳು.

"ಹಿಂದಿನ ಎರಡು ಬೆಳೆ ಕೈ ಕೊಟ್ವು ಅಕ್ಕ. ಇದೂ ಹೋದ್ರೆ ಹುಳುಮನೆಗೂ ಮಂಚ ಹಾಕ್ಬುಡ್ತೀನಿ, ಇನ್ನೊಂದು ರೂಮಾಯ್ತದೆ ಅಂತ ನಮ್ಮನೆಯವ್ರು ಕುಂತವ್ರೆ. ನಂಗೆ ಹುಳ ಬಿಡಕ್ಕೆ ಮನಸಿಲ್ಲ. ಬಾ, ನೀನೊಂದು ಸಲ ನೋಡು."

ಹುಳು ಮೇಯುವ ಮನೆಯಲ್ಲಿ ನಮ್ಮ ಕಡೆ ಒಂದು ರೀತಿಯಿದೆ. ಹುಳುವನ್ನು ಬಾಯಿಬಿಟ್ಟು ಹೊಗಳುವಂತಿಲ್ಲ, ಹೊಗಳಿದರೆ ಕಣ್ಣಾಗುತ್ತದೆ. ಒಳ್ಳೆಯದನ್ನು ಬಯಸುವವರು ಮುಖ ಸೊಟ್ಟ ಮಾಡಿ, "ಏನೋ ಸಣಕಲಾಗವೆ, ಗೂಡು ಕಟ್ಟಿದ್ರೆ ಕಟ್ಟಿದ್ವು" ಎನ್ನಬೇಕು. ನಮ್ಮಮ್ಮ ಇದನ್ನು ನಮಗೆ ಮಾತು ಬರುವ ಹೊತ್ತಿಗೇ ಕಲಿಸಿದ್ದಳು. ನೆರೆಮನೆಯವರು ಬಂದು ಹುಳುವನ್ನು ಬೈದಷ್ಟೂ ಅಮ್ಮ ಅವರ ಕಾಫಿಗೆ ಬೆಲ್ಲ ಜಾಸ್ತಿ ಹಾಕುತ್ತಿದ್ದಳು.

ಹುಳುವಿಗೆ ಹೊರಗಿನ ರೋಗ ತಾಗದಿರಲೆಂದು ಕಾಲು ತೊಳೆದು, ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು ಒಳಗೆ ಹೋದೆವು. ಗೂಡು ಕಟ್ಟುವುದಕ್ಕೆ ಇನ್ನು ಎರಡೋ ಮೂರೋ ದಿನವಿತ್ತು. ಅಟ್ಟಣೆಗಳ ತುಂಬ ಬೆಳ್ಳಗೆ, ಮೈ ತುಂಬಿಕೊಂಡ ಹುಳುಗಳು, ಹಾಕಿದ ಸೊಪ್ಪು ನೋಡನೋಡುತ್ತಿದ್ದಂತೆ ಕಡ್ಡಿಯಾಗುತ್ತಿತ್ತು. ಅಮ್ಮನ ಕಾಲದಲ್ಲಿ ಎಲ್ಲರೂ ನನ್ನ ಕೈಗುಣವನ್ನು ಹೇಳುತ್ತಿದ್ದರೇ ಹೊರತು ಇವಳದ್ದನ್ನಲ್ಲ. ಭೂಮಿಯೂ ಇವಳಿಗೆ ಉಳಿಯಿತು, ಕಾರುಗಳೂ ಇವಳ ಬಾಗಿಲಿಗೆ ಬಂದವು, ಈಗ ಹುಳುವೂ. ತಂಗಿ ಸೊಪ್ಪು ಹಿಡಿದುಕೊಂಡೇ ನನ್ನ ಬೈಗುಳಕ್ಕೆ ಕಾಯುತ್ತ ನಿಂತಿದ್ದಳು, ಆಗಲೇ ಮುಖದಲ್ಲಿ ನಗು.

"ಎಷ್ಟು ಚೆನ್ನಾಗವೆ" ಎಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಬಾಯಿ ತಪ್ಪಿತು ಎನ್ನಬಹುದಿತ್ತು. "ಅಮ್ಮನ ಕಾಲ್ದಲ್ಲೂ ಇಂಥ ಹುಳ ನಾನು ನೋಡಿರ್ನಿಲ್ಲ ಕಣೆ" ಎಂದು ಇನ್ನೊಂದು ಸಲವೂ ಅಂದೆ.

ಅವಳು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. ನಾನು ಸುಮ್ಮನಿರಲಾರದೆ, "ಅಲ್ಲ, ನಿನ್ನೆ ಸಿಟಿಯೋರು ಸೂಪರ್ ಸೂಪರ್ ಅಂದ್ರಲ್ಲ, ನಾನಂದ್ರೆ ತೆಪ್ಪಾ?" ಎಂದೆ.

"ಅವ್ರಿಗೆ ಗೊತ್ತಿಲ್ಲ ಅಕ್ಕ. ಗೊತ್ತಿಲ್ದೋರ ಕಣ್ಣು ತಾಗಕಿಲ್ಲ. ನಿಂಗೆ ಗೊತ್ತಿತ್ತು."

ಅಷ್ಟು ಹೇಳಿ ಅಡುಗೆಮನೆಯಿಂದ ಉಪ್ಪು ಮೆಣಸಿನಕಾಯಿ ತಂದಳು. ದೃಷ್ಟಿ ತೆಗೆಯುವುದು ಮನೆಯ ಹಿರಿಯಳ ಕೆಲಸ. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ, ತಾನೇ ಒಂದೊಂದು ಅಟ್ಟಣೆಗೂ ನಿವಾಳಿಸಿ ಒಲೆಗೆ ಹಾಕಿದಳು. ಊಟವಾದ ಮೇಲೆ ನಾನು ಬಸ್ಸು ಹತ್ತಿದೆ.

ಆ ವಾರ ಹುಳುವಿಗೆ ಏನೂ ಆಗದಿರಲಿ ಎಂದು ಮನೆದೇವರಿಗೆ ಹರಕೆ ಹೊತ್ತೆ. ಹೊತ್ತದ್ದು ನಿಜ. ಏನಾದರೂ ಆಗಲಿ ಎಂಬ ಆಸೆ ಒಳಗೆ ಒಂದು ಮೂಲೆಯಲ್ಲಿ ಕೂತಿದ್ದದ್ದೂ ನಿಜ. ರಾಮನಗರದ ಮಾರುಕಟ್ಟೆಗೆ ಗೂಡು ತಂದ ಅವಳ ಗಂಡ ಮನೆಗೆ ಬಂದು, ಬೆಳೆ ಭರ್ಜರಿಯಾಗಿ ಬಂತು, ಮಂಚದ ಮಾತು ಬಿಟ್ಟೆ ಎಂದು ನಕ್ಕ. ತಂಗಿ ಫೋನು ಮಾಡಿ ಹೇಳಿರಲಿಲ್ಲ.

ಆರು ತಿಂಗಳ ಮೇಲೆ ಮತ್ತೆ ಹೋದೆ. ಅದೇ ಕೋಣೆ, ಅದೇ ಬಿಳಿ ಹಾಸಿಗೆ. ನಾಟಿ ಕೋಳಿ ಸಾರು ಮಾಡಿ ಎರಡೆರಡು ಸಲ ಬಡಿಸಿದಳು. ಬೆಳಿಗ್ಗೆ ತಿಂಡಿಯಾದ ಮೇಲೆ ಪಕ್ಕದ ಕೋಣೆಯವರನ್ನು, "ಬನ್ನಿ, ಹುಳ ನೋಡೋರಂತೆ" ಎಂದು ಕರೆದಳು. ಅವರ ಹಿಂದೆ ನಾನೂ ಎದ್ದು, ತೊಟ್ಟಿಯಿಂದ ಒಂದು ಚೊಂಬು ನೀರು ಮೊಗೆದು ಕಾಲ ಮೇಲೆ ಸುರಿದುಕೊಂಡೆ.

ತಂಗಿ ಬಾಗಿಲಲ್ಲಿ ತಿರುಗಿ ನೋಡಿದಳು. "ನೀನು ಕುಂತ್ಕೊ ಅಕ್ಕ. ಬಸ್ಸಲ್ಲಿ ಬಂದು ಸುಸ್ತಾಗಿರ್ತೀಯ" ಎಂದಳು.

ನಾನು ಬಂದದ್ದು ಹಿಂದಿನ ದಿನ. ಒದ್ದೆ ಕಾಲಿನಲ್ಲೇ ಹೋಗಿ ಜಗಲಿಯ ಮೇಲೆ ಕೂತೆ.