ಚನ್ನಗಿರಿಯಲ್ಲೊಂದು ಆಟಿಕೆ ಕಾರ್ಖಾನೆ

"ಮೀನು ಗೀನು ತರಂಗಿಲ್ಲ ನೋಡ್ರಿ. ಹಂಗಿದ್ರೆ ಮನೆ ಐತೆ."

ಚನ್ನಗಿರಿಯಲ್ಲಿ ನನಗೆ ಸಿಕ್ಕ ಮೊದಲ ಸ್ವಾಗತ ಇದು, ಮನೆಯೊಡತಿ ಗೌರಮ್ಮನವರಿಂದ. ಮೀನಿಲ್ಲದೆ ಅನ್ನ ಇಳಿಯದ ಕುಂದಾಪುರದವಳು ನಾನು. ತಲೆಯಾಡಿಸಿ ಟ್ರಂಕು ಒಳಗಿಟ್ಟೆ. ಅದು ಎಂಬತ್ತರ ದಶಕದ ಆರಂಭ. ಇಲ್ಲಿನ ಡಿಪ್ಲೊಮಾ ಕಾಲೇಜಿಗೆ ಮೆಕ್ಯಾನಿಕಲ್ ಉಪನ್ಯಾಸಕಿಯಾಗಿ ಬಂದಿದ್ದೆ.

ನಮ್ಮಲ್ಲಿ ಚರುಮುರಿ ಎನ್ನುವುದು ಇಲ್ಲಿ ಮಂಡಕ್ಕಿ. ಸಂಜೆಯಾದರೆ ಊರಿಗೆ ಊರೇ ಅದನ್ನು ಮೆಣಸಿನಕಾಯಿ ಬಜ್ಜಿಯೊಂದಿಗೆ ತಿನ್ನುತ್ತದೆ. ನಾನು ಮಾತ್ರ ಕಡಲಿನ ಸದ್ದಿಲ್ಲದ ಕೋಣೆಯಲ್ಲಿ ಒಬ್ಬಳೇ ಕೂತು ಅಳುತ್ತಿದ್ದೆ.

ತರಗತಿಯಲ್ಲಿ ಬೇರೆ ಕಷ್ಟ. ಕಾರ್ಖಾನೆಯ ಜೋಡಣೆ ಸಾಲಿನ, ಅಂದರೆ ಅಸೆಂಬ್ಲಿ ಲೈನಿನ, ಪಾಠ ಮಾಡಿದರೆ ಹುಡುಗರು ಬರೆದುಕೊಳ್ಳುತ್ತಿದ್ದರು, ಅಷ್ಟೆ. ಅಂಥದ್ದನ್ನು ಯಾರೂ ಕಂಡಿರಲಿಲ್ಲ. ದಸರಾ ರಜೆಯಲ್ಲಿ ಮಂಗಳೂರಿನಿಂದ ಆಟಿಕೆ ಪೆಟ್ಟಿಗೆಗಳನ್ನು ತಂದೆ: ತೂತಿನ ತಗಡು ಪಟ್ಟಿ, ನಟ್ಟು, ಬೋಲ್ಟು, ಪುಟ್ಟ ಗಾಲಿ, ಬ್ಯಾಟರಿ ಮೋಟಾರು.

ಪ್ರಿನ್ಸಿಪಾಲರು ಕಂಡವರೇ, "ಇದೇನು ಶಿಶುವಿಹಾರೇನ್ರೀ ಮೇಡಂ? ಒಂದು ಸಲ ತೋರಿಸ್ರಿ. ಪ್ರಯೋಜನ ಕಾಣ್ಲಿಲ್ಲ ಅಂದ್ರೆ ಎಲ್ಲಾ ಕಟ್ಟಿಡ್ರಿ" ಎಂದರು.

ಹಾಗಾದರೆ ನಾನೂ ಗಂಟುಮೂಟೆ ಕಟ್ಟುವುದೇ ಸರಿ ಎಂದು ಮನಸ್ಸಿನಲ್ಲೇ ನಿರ್ಧರಿಸಿದೆ.

ತೋರಿಸಬೇಕಾದ ದಿನ ಹುಡುಗರನ್ನು ಉದ್ದ ಮೇಜಿನ ಪಕ್ಕ ಸಾಲಾಗಿ ನಿಲ್ಲಿಸಿದೆ. ಮೋಟಾರು ಎಳೆಯುವ ಬಟ್ಟೆಪಟ್ಟಿಯ ಮೇಲೆ ಆಟಿಕೆ ಗಾಡಿಗಳು ಸಾಗಬೇಕು. ಒಬ್ಬ ಗಾಲಿ ಕೂರಿಸಿದರೆ ಮುಂದಿನವ ಬೋಲ್ಟು ಬಿಗಿಯಬೇಕು. ಸ್ವಲ್ಪದರಲ್ಲೇ ನಲ್ಲೂರಿನ ರುದ್ರೇಶನ ಮುಂದೆ ಗಾಡಿಗಳು ರಾಶಿ ಬಿದ್ದವು. ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತಿದ್ದರು.

"ನಂದೇನು ತಪ್ಪಿಲ್ರೀ ಮೇಡಂ! ಬಿಗಿ ಮಾಡಾಕೆ ಹೊತ್ತು ಬೇಕಲ್ರೀ, ಹಿಂದಿನವ್ನು ಒಂದೇ ಸಮ ತಳ್ತಾನೆ" ಎಂದ ರುದ್ರೇಶ.

"ಹಾಗಾದರೆ ಏನು ಮಾಡೋಣ?"

ಅವನು ರಾಶಿಯನ್ನೇ ನೋಡಿದ. "ಬೋಲ್ಟಿಗೆ ಇಬ್ರು ನಿಲ್ಲಾನ. ಮತ್ತೆ ಗಾಡಿ ಬಂದು ತಾಗಿದ್ರೆ ಪಟ್ಟಿ ತಾನೇ ನಿಲ್ಲಂಗೆ ಒಂದು ಸ್ವಿಚ್ ಹಾಕಾನ್ರೀ."

ಪುಸ್ತಕದಲ್ಲಿ ನಾನು ಇನ್ನೂ ಆ ಪಾಠಕ್ಕೆ ಬಂದೇ ಇರಲಿಲ್ಲ!

ತಗಡಿನ ಚೂರಿನಿಂದ ಸ್ವಿಚ್ ಮಾಡಿದರು. ಗಾಡಿ ಬಂದು ತಾಗಿತು, ಪಟ್ಟಿ ನಿಂತಿತು. ಗಾಡಿ ಎತ್ತಿದರು, ಪಟ್ಟಿ ಮತ್ತೆ ಹೊರಟಿತು. ಹುಡುಗರ ಕೇಕೆಗೆ ಪಕ್ಕದ ತರಗತಿಯೇ ಎದ್ದು ಬಂತು. ಪ್ರಿನ್ಸಿಪಾಲರು ಹತ್ತಿರ ಬಂದು, ತಾವೇ ಗಾಡಿ ಇಟ್ಟು, ಎತ್ತಿ, ಮತ್ತೆ ಇಟ್ಟು ನೋಡಿದರು.

"ತಾನೇ ನಿಲ್ತೈತಲ್ರೀ! ನಾಳೆ ಮೊದಲ್ನೇ ವರ್ಷದೋರಿಗೂ ತೋರಿಸ್ರಿ."

ಸಂಜೆ ಗೌರಮ್ಮನವರು, "ಒಬ್ರೇ ಯಾಕೆ ಕುಂತೀರಿ, ಬರ್ರಿ" ಎಂದಾಗ ಮೊದಲ ಬಾರಿ ಅವರ ಪಡಸಾಲೆಯಲ್ಲಿ ಕೂತು, ನಡೆದದ್ದನ್ನೆಲ್ಲ ಹೇಳಿದೆ.

ಬೇಸಿಗೆಗೆ ಕುಂದಾಪುರಕ್ಕೆ ಹೋಗಿದ್ದೆ. ಅಮ್ಮ ನನ್ನ ಸೀರೆ ಮಡಚುತ್ತ, ಹೊರಡುವುದು ಯಾವಾಗ ಎಂದು ಕೇಳಿದರು.

ಚನ್ನಗಿರಿಗೆ ಹೋಗಬೇಕು ಎನ್ನುವ ಬದಲು, "ಸೋಮವಾರ ಊರಿಗೆ ಹೋಯ್ಕ್" ಎಂದುಬಿಟ್ಟೆ.

ಅಮ್ಮನ ಕೈ ನಿಂತಿತು. "ಹಾಂಗಾರೆ ಇದ್ ಯಾವ್ ಊರ್ ಮಗಾ?"

"ಇದೂ ಊರೇ" ಎಂದೆ. ಅಮ್ಮ ನಕ್ಕರು. ನನಗೆ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು.