ಅರ್ಧ ಮುಖದ ಹನ್ನೆರಡು ಹೆಂಗಸರು

ರುದ್ರಾಣಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಹುಟ್ಟೂರು ಚಿಕ್ಕಯ್ಯನಛತ್ರದಲ್ಲಿ ಅವಳನ್ನು ಎತ್ತಿ ಆಡಿಸಿದವರಿಗೂ ಅದು ಗೊತ್ತು, ನಂಜನಗೂಡಿನ ಹತ್ತಿರದ ತಾಂಡ್ಯದ ಬಟ್ಟೆ ಕಾರ್ಖಾನೆಯಲ್ಲಿ ಅವಳ ಜೊತೆ ಕೆಲಸ ಮಾಡುವವರಿಗೂ ಗೊತ್ತು. ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ತೊಂಬತ್ತೆಂಟರಲ್ಲಿ ಅಲ್ಲಿಗೆ ಸೇರಿದಾಗ ಅವಳಿಗೆ ಇಪ್ಪತ್ತೊಂದು ವರ್ಷ. ಇಡೀ ಕಾರ್ಖಾನೆಯಲ್ಲಿ ಕಂಪ್ಯೂಟರ್ ಬಲ್ಲವಳು ಅವಳೊಬ್ಬಳೇ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಅವಳೇ ಬೇಕು, ಆಫೀಸಿನ ಫ್ಯಾನು ತಿರುಗದಿದ್ದರೂ ಅವಳೇ ಬೇಕು. ಫ್ಯಾನಿಗೂ ನನಗೂ ಏನ್ರೀ ಸಂಬಂಧ ಅಂತ ಬೈಯುತ್ತಲೇ ಹೋಗಿ ಅದನ್ನೂ ಸರಿಮಾಡಿ ಬರುತ್ತಿದ್ದಳು.

ಆದರೆ ಎರಡು ಸಾವಿರದ ನಾಲ್ಕರ ಜೂನ್ ತಿಂಗಳಲ್ಲಿ ಅವಳಿಗೆ ಬಂದ ಸಿಟ್ಟೇ ಬೇರೆ.

ಆ ತಿಂಗಳು ಕಾರ್ಖಾನೆಯ ಗೇಟಿಗೆ ಹೊಸ ವ್ಯವಸ್ಥೆ ಬಂತು. ಕೆಲಸದವರು ಕಾರ್ಡು ತೋರಿಸಿದ ಕೂಡಲೇ ಅವರ ಫೋಟೊ ಪರದೆಯ ಮೇಲೆ ಮೂಡಬೇಕು, ಗೇಟಿನ ಕಾವಲುಗಾರ ನಾಗಯ್ಯ ಮುಖ ತಾಳೆ ನೋಡಿ ಒಳಗೆ ಬಿಡಬೇಕು. ತಾಳೆಯಾಗದವರನ್ನು ವಾಪಸ್ಸು ಕಳಿಸಿ, ಆರು ದಿನ ಹಾಜರಿ ಬೀಳದಿದ್ದರೆ ಹೆಸರು ತೆಗೆಯಿರಿ ಅಂತ ಮ್ಯಾನೇಜರ್ ನಂಜುಂಡೇಶ್ ಅಪ್ಪಣೆ ಮಾಡಿದ್ದರು. ಅದರ ಪ್ರೋಗ್ರಾಮ್ ಬರೆದವಳು ರುದ್ರಾಣಿ. ಫೋಟೊಗಳೆಲ್ಲ ಡೇಟಾಬೇಸಿನೊಳಗೆ ಕೂತಿದ್ದವು. ಅಲ್ಲಿಂದ ಅವನ್ನು ಅವಳ ಪ್ರೋಗ್ರಾಮಿಗೆ ಹೊತ್ತು ತಂದುಕೊಡುವುದಕ್ಕೆ ಡ್ರೈವರ್ ಅನ್ನುವ ಇನ್ನೊಂದು ಸಣ್ಣ ಪ್ರೋಗ್ರಾಮ್ ಇರುತ್ತದೆ. ಅದನ್ನು ಮೈಸೂರಿನ ಒಂದು ಕಂಪನಿಯಿಂದ ತರಿಸಿದ್ದರು.

ಸೋಮವಾರ ಬೆಳಿಗ್ಗೆ ಮೊದಲು ಸಿಕ್ಕಿಬಿದ್ದವರು ಸೋಸಲೆಯ ವೆಂಕಟಮ್ಮ. ಆರು ವರ್ಷದಿಂದ ಅಲ್ಲಿ ಶರ್ಟಿನ ಕಾಲರ್ ಹೊಲಿಯುವವರು. ಮಧ್ಯಾಹ್ನ ರುದ್ರಾಣಿ ಊಟಕ್ಕೆ ಕೂರುತ್ತಿದ್ದದ್ದು ಅವರ ಪಕ್ಕದಲ್ಲೇ, ಅವರ ಬಸ್ಸಾರಿಗೆ ಇವಳ ಡಬ್ಬಿಯ ಅನ್ನ. ಪರದೆಯ ಮೇಲೆ ಬಂದ ಅವರ ಫೋಟೊದಲ್ಲಿ ಹಿಂದೆ ಸ್ಟುಡಿಯೊದವರು ಕಟ್ಟಿದ ಬಟ್ಟೆಯ ಹೂಬಳ್ಳಿ, ಬೈತಲೆ, ಹಣೆಯ ಕುಂಕುಮ ಇಷ್ಟು ಮಾತ್ರ ಇದ್ದವು. ಹುಬ್ಬಿನಿಂದ ಕೆಳಕ್ಕೆ ಬೂದಿ ಬಳಿದ ಹಾಗೆ ಬರೀ ಬೂದು ಬಣ್ಣ. ನಾಗಯ್ಯ ರುದ್ರಾಣಿಯನ್ನು ಕೂಗಿದ. ಹಿಂದೆ ಇನ್ನೂರು ಜನ ನೂಕಾಡುತ್ತಿದ್ದರು. ಅವಳು ಬಂದು ಪರದೆ ನೋಡಿದಳು, ಸಿಸ್ಟಮ್ ಒಪ್ಪುತ್ತಿಲ್ಲ ಅಕ್ಕ, ನಾಳೆ ಬನ್ನಿ ಅಂದಳು. ವೆಂಕಟಮ್ಮ ಬಂದ ದಾರಿಗೆ ಸುಂಕವಿಲ್ಲದಂತೆ ಎರಡು ಬಸ್ಸು ಬದಲಿಸಿ ಊರಿಗೆ ಹೋದರು. ಅವತ್ತು ಹೀಗೆ ಹಿಂದಿರುಗಿದವರು ಒಟ್ಟು ಹನ್ನೆರಡು ಹೆಂಗಸರು. ಎಲ್ಲರೂ ನರಸೀಪುರದ ಕಡೆಯವರು.

ಮಂಗಳವಾರವೂ ಅದೇ ಹಾಡು. ನಂಜುಂಡೇಶ್ ಅವರಿಗೆ ಕಾರಣ ಆಗಲೇ ಹೊಳೆದುಬಿಟ್ಟಿತ್ತು. ಆ ಕಡೆಯವರು ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರನ್ನು ಕಳಿಸುತ್ತಾರಂತೆ, ಗೊತ್ತಾಗಬಾರದು ಅಂತ ಫೋಟೊ ಕೆಡಿಸಿ ಕೊಟ್ಟಿದ್ದಾರಂತೆ. ಸ್ಟುಡಿಯೊದವರು ಫ್ಲಾಪಿಯಲ್ಲಿ ಹಾಕಿಕೊಟ್ಟ ಫೋಟೊ ಕೆಡಿಸುವುದು ಕಾಲರ್ ಹೊಲಿಯುವವರಿಗೆ ಹೇಗೆ ಬರಬೇಕು ಅಂತ ಕೇಳುವಷ್ಟು ಬುದ್ಧಿಯೂ ಆ ಮನುಷ್ಯನಿಗೆ ಇರಲಿಲ್ಲ. ರುದ್ರಾಣಿ ಕೇಳಿಯೇಬಿಟ್ಟಳು.

"ಪ್ರೋಗ್ರಾಮ್ ಸರಿಯಾಗಿದೆ ಅಂತ ಸೈನ್ ಹಾಕಿರೋಳು ನೀನೇ ತಾನೇ?" ಅಂದರು ನಂಜುಂಡೇಶ್. "ನಿಂದು ಸರಿ ಇದ್ರೆ ತಪ್ಪು ಅವರದ್ದೇ. ಅವರು ಸರಿ ಅಂದ್ರೆ ತಪ್ಪು ನಿಂದು. ಯಾವುದು ಹೇಳಮ್ಮ."

ಮೈಯೆಲ್ಲ ಉರಿದುಹೋಯಿತು ಅವಳಿಗೆ. ನೇರ ಬಂದು ಮೈಸೂರಿಗೆ ಫೋನ್ ಹಚ್ಚಿದಳು. ಆ ಕಡೆ ಎತ್ತಿಕೊಂಡ ಇಂಜಿನಿಯರಿಗೆ ಮಾತಿನಲ್ಲಿ ತುಪ್ಪ ಸುರಿಯುತ್ತಿತ್ತು. ಮುನ್ನೂರು ಜನರ ಫೋಟೊ ಸರಿ ಬಂದು ಹನ್ನೆರಡು ಜನರದ್ದು ಬರುತ್ತಿಲ್ಲ ಅಂದಮೇಲೆ ಡ್ರೈವರ್ ತಪ್ಪು ಹೇಗಾಗುತ್ತೆ ಮೇಡಂ, ಫೋಟೊಗಳೇ ಕೆಟ್ಟಿವೆ, ಬೇರೆ ತೆಗೆಸಿ ಅಂದ. ಅವಳೂ ನಂಬಿದಳು. ಬುಧವಾರ ಗೇಟಿಗೆ ಬಂದ ಆ ಹೆಂಗಸರನ್ನು ಬೇರೆ ಫೋಟೊ ತನ್ನಿ ಅಂತ ಅಟ್ಟಿದಳು.

ಸ್ಟುಡಿಯೊಗೆ ಹೋಗುವುದು ಅಂದರೆ ಸುಮ್ಮನೆ ಮಾತಲ್ಲ. ಹನ್ನೆರಡು ಜನವೂ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು, ಕನಕಾಂಬರ ಮುಡಿದು, ನರಸೀಪುರದ ಅದೇ ಸ್ಟುಡಿಯೊದಲ್ಲಿ, ಅದೇ ಹೂದೋಟ ಬರೆದ ಬಟ್ಟೆಯ ಮುಂದೆ ನಿಂತು ತೆಗೆಸಿಕೊಂಡು ಬಂದರು. ಗುರುವಾರ ಆ ಫೋಟೊಗಳೂ ಹುಬ್ಬಿನ ಹತ್ತಿರಕ್ಕೆ ನಿಂತುಹೋದವು. ನೋಡಿದೆಯಾ ಎರಡನೇ ಸಲವೂ ಮೋಸ ಅಂತ ನಂಜುಂಡೇಶ್ ಹನ್ನೆರಡು ಹೆಸರಿನ ಪಟ್ಟಿಯನ್ನೇ ಟೈಪು ಮಾಡಿಸಿಟ್ಟರು. ಶನಿವಾರ ಸಂಜೆಗೆ ಅದಕ್ಕೆ ರುಜು ಬೀಳಬೇಕು.

ಶುಕ್ರವಾರವೂ ಹನ್ನೆರಡು ಜನ ಬಂದು ಹೋದರು. ಅವತ್ತು ರುದ್ರಾಣಿ ಊಟಕ್ಕೆ ಏಳಲಿಲ್ಲ. ಹಲ್ಲು ಕಚ್ಚಿಕೊಂಡು ಫೋಟೊಗಳನ್ನು ಒಂದೊಂದೇ ತೆಗೆದು ಎಷ್ಟೆಷ್ಟು ಬೈಟ್ ಇವೆ ಅಂತ ಬರೆಯುತ್ತ ಕೂತಳು. ನಂಜನಗೂಡಿನವರ ಫೋಟೊಗಳನ್ನು ಕಾರ್ಖಾನೆಯಲ್ಲೇ, ಬಿಳೀ ಗೋಡೆಯ ಮುಂದೆ ತೆಗೆದಿದ್ದರು. ಬೋಳು ಗೋಡೆಗೆ ಎಷ್ಟು ತೂಕ, ಇಪ್ಪತ್ತು ಸಾವಿರ ದಾಟಿರಲಿಲ್ಲ. ನರಸೀಪುರದ ಕಡೆಯವರಿಗೆ ಫೋಟೊ ತೆಗೆದ ದಿನ ಬಸ್ಸಿನ ಹೊತ್ತಾಯಿತು ಅಂತ ಹೊರಗೆ ತೆಗೆಸಿಕೊಂಡು ಬರಲು ಹೇಳಿದ್ದರು. ಸ್ಟುಡಿಯೊದ ಬಟ್ಟೆಯ ಮೇಲೆ ಒಂದೊಂದು ಎಲೆಯನ್ನೂ ಬಿಡದೆ ಬರೆದಿತ್ತು, ಅಷ್ಟೂ ಎಲೆ ಫೋಟೊದೊಳಗೆ ಸೇರಿ ಒಂದೊಂದೂ ಎಂಬತ್ತು ಸಾವಿರದ ಮೇಲಿತ್ತು. ಡೇಟಾಬೇಸಿನಲ್ಲಿ ಅಷ್ಟೂ ಭದ್ರವಾಗಿತ್ತು. ಆದರೆ ಡ್ರೈವರ್ ತಂದುಕೊಡುತ್ತಿದ್ದದ್ದು ವೆಂಕಟಮ್ಮನದು ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳು. ಮುಂದಿನವರದೂ ಅಷ್ಟೇ. ಹನ್ನೆರಡು ಜನರದೂ ಅಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಕಂಪನಿ ಕೊಟ್ಟ ಸಿ.ಡಿ.ಯಲ್ಲೇ ಡ್ರೈವರಿನ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಸಾಲುಗಳು, ಬಿದ್ದಿತ್ತು. ಗಂಟೆಗಟ್ಟಲೆ ತಡಕಾಡಿದ ಮೇಲೆ ಜಾಗ ಸಿಕ್ಕಿತು. ಒಂದು ಸಲ ಕೇಳಿದರೆ ಡೇಟಾಬೇಸ್ ಕೊಡುವುದು ಅಷ್ಟೇ ಬೈಟ್. ಬರೆದ ಪುಣ್ಯಾತ್ಮ ಅದನ್ನು ಒಂದೇ ಸಲ ಕೇಳಿದ್ದ. ಬಂದಷ್ಟು ತಗೊಂಡು, ಇನ್ನೂ ಉಳಿದಿದೆಯಾ ಅಂತ ವಿಚಾರಿಸದೆ, ಮುಗಿಯಿತು ಅಂತ ಹೇಳಿ ಹೊರಟುಬಿಟ್ಟಿದ್ದ. ಒಂದು ಬಿಂದಿಗೆ ನೀರು ಸುರಿದು ಹಂಡೆ ತುಂಬಿತು ಅಂತ ಮಲಗಿದವನ ಕೆಲಸ. ಇದಕ್ಕೆ ಹನ್ನೆರಡು ಜನರ ಅನ್ನ ಹೋಗುತ್ತಿತ್ತಲ್ಲ ಅಂತ ಬೈದುಕೊಂಡಳು. ಖಾಲಿಯಾಗುವವರೆಗೂ ಮತ್ತೆ ಮತ್ತೆ ಕೇಳು, ಬಂದದ್ದನ್ನೆಲ್ಲ ಒಂದರ ಹಿಂದೊಂದು ಜೋಡಿಸು ಅಂತ ಆರು ಸಾಲು ಬರೆದಳು. ಮೂರು ಗಂಟೆಗೆ ವೆಂಕಟಮ್ಮನ ಮುಖ ಕಣ್ಣು, ಮೂಗು, ಗಲ್ಲ ಸಮೇತ ಪರದೆಗೆ ಬಂತು.

ಮೈಸೂರಿನವನಿಗೆ ಫೋನ್ ಮಾಡಿ ಜನ್ಮ ಜಾಲಾಡಿದಳು. ಆಮೇಲೆ ಒಂದೇ ಅಂಕಿ ಹನ್ನೆರಡು ಸಲ ಬರೆದ ಹಾಳೆಯನ್ನು ನಂಜುಂಡೇಶರ ಮುಂದೆ ಕುಕ್ಕಿದಳು. ಅವರು ಅದನ್ನು ನೋಡಿ, ಪಟ್ಟಿ ಹರಿದು ಬುಟ್ಟಿಗೆ ಹಾಕಿ, ಕಂಪ್ಯೂಟರ್ ಅಂದಮೇಲೆ ಇದೆಲ್ಲ ಇದ್ದದ್ದೇ ಬಿಡು ಅಂದರು. ಮೋಸ ಅಂದವರ ಬಾಯಲ್ಲಿ ತಪ್ಪಾಯಿತು ಅನ್ನುವ ಒಂದು ಮಾತೂ ಬರಲಿಲ್ಲ. ಇಂಥವರಿಗೆ ನಾಚಿಕೆ ಅನ್ನುವುದು ಎಲ್ಲಿರುತ್ತದೋ ಅಂತ ಅವಳು ಬಸ್ಸಿನುದ್ದಕ್ಕೂ ಶಪಿಸಿಕೊಂಡು ಊರು ಸೇರಿದಳು.

ಶನಿವಾರ ಅವಳು ಎಲ್ಲರಿಗಿಂತ ಮುಂಚೆ ಬಂದು ಗೇಟಿನಲ್ಲಿ ಕೂತಳು. ವೆಂಕಟಮ್ಮ ಕಾರ್ಡು ತೋರಿಸಿದರು. ಫೋಟೊ ಪೂರ್ತಿ ಬಂತು. ಸರಿ ಓಯ್ತು ಕಣಕ್ಕ, ಓಗು ಅಂತ ನಾಗಯ್ಯ ಹಲ್ಲು ಕಿರಿದ. ರುದ್ರಾಣಿ ಹೆಮ್ಮೆಯಿಂದ ಪರದೆಯನ್ನು ಅವರ ಕಡೆಗೆ ತಿರುಗಿಸಿ, ನೋಡಿ ಅಕ್ಕ, ಈಗ ನಿಮ್ಮ ಮುಖ ಪೂರ್ತಿ ಕಾಣುತ್ತೆ ಅಂದಳು.

ವೆಂಕಟಮ್ಮ ಪರದೆ ನೋಡಲಿಲ್ಲ. ಅವಳನ್ನೇ ನೋಡಿದರು.

"ಐದು ದಿನ ನಾನು ಇಲ್ಲೇ ನಿಂತಿದ್ನಲ್ಲವ್ವ. ಈ ಮಕ ಪೂರ್ತಿ ಇಟ್ಕಂಡೇ ನಿಂತಿದ್ದೆ. ಆರು ವರ್ಸ ನನ್ನ ಪಕ್ಕ ಕೂತು ಉಂಡವ್ಳು ನೀನು. ಇವ್ಳು ವೆಂಕಟಮ್ಮನೇ ಅಂತ ಒಂದ್ ಮಾತು ಅನ್ನಕ್ಕೆ ಆ ಡಬ್ಬನ ಕೇಳ್ಬೇಕಾಗಿತ್ತಾ?"

ನಾಗಯ್ಯ ತಲೆ ತಗ್ಗಿಸಿದ. ರುದ್ರಾಣಿ ಆ ಇಂಜಿನಿಯರನ್ನು ಬೈದಿದ್ದಳು, ನಂಜುಂಡೇಶರನ್ನು ಬೈದಿದ್ದಳು. ಸೋಮವಾರದಿಂದ ಶುಕ್ರವಾರದವರೆಗೆ ಒಂದು ಸಲವಾದರೂ, ಈಕೆ ನನಗೆ ಗೊತ್ತು, ಒಳಗೆ ಬಿಡಿ ಅಂತ ಅವಳ ಬಾಯಿಂದ ಬಂದಿರಲಿಲ್ಲ.

"ತಪ್ಪಾಯ್ತು ಅಕ್ಕ," ಅಂದಳು.

ವೆಂಕಟಮ್ಮ ಕಾರ್ಡು ಈಸಿಕೊಂಡು ಒಳಗೆ ಹೋದರು. ಹಿಂದೆ ಇನ್ನೂ ಹನ್ನೊಂದು ಜನ ನಿಂತಿದ್ದರು. ರುದ್ರಾಣಿ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿ ಎದ್ದು ನಿಂತಳು, ಒಬ್ಬೊಬ್ಬರನ್ನೂ ಮುಖ ನೋಡಿ ಹೆಸರು ಹಿಡಿದು ಕರೆದು ಒಳಗೆ ಬಿಟ್ಟಳು.