ಹದಿನಾರು ಕೋಟಿ ಅಡಿ ಅಗಲದ ಕೋಣೆ

ಆಗುವುದೇ ಇಲ್ಲ ಎಂದವರು ನನ್ನ ಸೋದರಮಾವ. ನಾವು ದುಡಿಯಲು ಹೋಗಿದ್ದ ತೆಲುಗು ಸೀಮೆಯ ಮಣಿಕೊಂಡದಲ್ಲಿ ಕಂಪನಿಯವರಿಗಾಗಿ ಹೊಸ ಹೊಸ ಕಟ್ಟಡ ಏಳುತ್ತಿದ್ದ ಕಾಲ. ಮಾವ ಅಲ್ಲಿ ಮೇಸ್ತ್ರಿ, ಅಪ್ಪ ಅವರ ಕೈಕೆಳಗೆ ಗೋಡೆ ಕಟ್ಟುವ ಗೌಂಡಿ, ಅವ್ವ ಇಟ್ಟಿಗೆ ಹೊರುವವಳು.

"ಗೌಂಡಿ ಮಗಳು ಕಂಪ್ಯೂಟರ್ ಡಿಗ್ರಿ ತಗೋತಾಳಂತ! ಆಗೂ ಮಾತಲ್ಲ ಬಿಡು ಭಾವಾ."

ಅಪ್ಪ ಜಗಳಕ್ಕೆ ಹೋಗಲಿಲ್ಲ. "ಒಂದ್ ಸಲ ನೋಡೂಣು. ಫೇಲಾದ್ರ ನಾಳಿಂದ ಬುಟ್ಟಿ ಹಿಡೀತಾಳ" ಎಂದ. ನನಗಿದ್ದದ್ದು ಆ ಒಂದೇ ಸಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಬರೆದದ್ದು ನನಗೆ ಗೊತ್ತಿದ್ದ ವಿಷಯವನ್ನೇ. ಕೋಣೆಯ ಉದ್ದ ಅಗಲ ಕೊಟ್ಟರೆ ಇಟ್ಟಿಗೆ, ಸಿಮೆಂಟು ಎಷ್ಟು ಬೇಕೆಂದು ಹೇಳುವ ಪ್ರೋಗ್ರಾಮು. ಅಮೀರ್‌ಪೇಟೆಯ ತರಬೇತಿ ಕೇಂದ್ರದಲ್ಲಿ ಬರೆದೆ. ಅಲ್ಲಿದ್ದವೆಲ್ಲ ಒಂದೇ ಜಾತಿಯ ಪಿ.ಸಿ.ಗಳು. ಇಲ್ಲಿ ಓಡಿದ್ದು ಎಲ್ಲಿಯೂ ಓಡುತ್ತದೆ ಎಂದೇ ನಾವೆಲ್ಲ ನಂಬಿದ್ದೆವು.

ಪರೀಕ್ಷೆಯ ದಿನ ಕಾಲೇಜಿನ ಲ್ಯಾಬಿಗೆ ಹೊರಗಿನಿಂದ ಬಂದ ಪರೀಕ್ಷಕರು ಪಿ.ಸಿ.ಯ ಕಡೆ ನೋಡಲೇ ಇಲ್ಲ. ಮೂಲೆಯಲ್ಲಿದ್ದ ದೊಡ್ಡ ಯಂತ್ರಕ್ಕೆ ಬೆರಳು ತೋರಿಸಿದರು. ಯಾವುದೋ ಕಂಪನಿ ಕಾಲೇಜಿಗೆ ದಾನ ಕೊಟ್ಟ ಯುನಿಕ್ಸ್ ಯಂತ್ರ ಅದು. ಒಳಗಿನ ಪ್ರೊಸೆಸರೇ ಬೇರೆ.

"ಇದರಲ್ಲಿ ಓಡಿಸಮ್ಮಾ. ನಾಳೆ ಕೆಲಸಕ್ಕೆ ಸೇರಿದರೆ ನೀನು ಕೇಳಿದ ಮಷೀನೇ ಕೊಡ್ತಾರಾ?" ಎಂದರು ತೆಲುಗಿನಲ್ಲಿ.

ಫ್ಲಾಪಿ ಹಾಕಿದೆ. ಒಂದು ಫೈಲಿನ ಹೆಸರಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಹೊಂದುತ್ತಿಲ್ಲವೆಂದು ಯಂತ್ರ ತಕರಾರು ತೆಗೆಯಿತು. ತಿದ್ದಿದೆ. ಆಮೇಲೆ ತುಟಿ ಪಿಟಕ್ಕೆನ್ನದೆ ಪ್ರೋಗ್ರಾಮನ್ನು ತನ್ನ ಭಾಷೆಗೆ ಇಳಿಸಿಕೊಂಡಿತು, ಕಂಪೈಲ್ ಆಯಿತು. ಗೆದ್ದೆ ಎಂದುಕೊಂಡು, ಪಿ.ಸಿ.ಯಲ್ಲಿ ಉಳಿಸಿ ತಂದಿದ್ದ ಅಳತೆಯ ಫೈಲನ್ನು ತೆರೆದೆ.

ಕೋಣೆಯ ಅಗಲ 167772160 ಅಡಿ.

ನಾನು ಕೊಟ್ಟಿದ್ದು ಹತ್ತು ಅಡಿ. ಪಕ್ಕದಲ್ಲಿ ನಿಂತಿದ್ದ ನಮ್ಮ ಕಾಲೇಜಿನ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು.

"ಹದಿನಾರು ಕೋಟಿ ಅಡಿ! ಇದಕ್ಕೆ ಸಿಮೆಂಟು ಎಲ್ಲಿಂದ ತರ್ತೀಯಮ್ಮಾ, ಚಂದ್ರನಿಂದಲಾ?" ಪರೀಕ್ಷಕರು ಕುರ್ಚಿಯಿಂದ ಎದ್ದರು. "ಉಳಿದವರದ್ದು ಮುಗಿಯೋದರೊಳಗೆ ಸರಿ ಮಾಡು. ಇಲ್ಲಾಂದ್ರೆ ಮುಂದಿನ ವರ್ಷ ಬಾ."

ನನಗೆ ಮುಂದಿನ ವರ್ಷ ಎಂಬುದು ಇರಲಿಲ್ಲ.

ತಪ್ಪಿದ್ದರೆ ಯಂತ್ರ ಬೈಯಬೇಕಿತ್ತು. ಬೈಯದೆ, ತಡವರಿಸದೆ ಸುಳ್ಳು ಹೇಳಿತಲ್ಲ! ಆ ಫೈಲಿನ ಒಳಗನ್ನು ಬೈಟ್ ಬೈಟಾಗಿ ಪರದೆಯ ಮೇಲೆ ಬಿಡಿಸಿ ನೋಡಿದೆ. ಒಂದು ಸಂಖ್ಯೆಗೆ ನಾಲ್ಕು ಬೈಟು, ಬಿಡಿ, ಹತ್ತು, ನೂರರ ಸ್ಥಾನಗಳಿದ್ದ ಹಾಗೆ. ನನ್ನ ಹತ್ತು ಅಲ್ಲೇ ಇತ್ತು, ಎಲ್ಲಕ್ಕಿಂತ ಮೊದಲು, ಆಮೇಲೆ ಮೂರು ಸೊನ್ನೆ. ಪಿ.ಸಿ. ಚಿಕ್ಕ ಬೆಲೆಯ ಬೈಟನ್ನು ಮೊದಲು ಇಡುತ್ತದೆ. ಈ ಯಂತ್ರ ಮೊದಲು ಸಿಕ್ಕಿದ್ದನ್ನೇ ದೊಡ್ಡದೆಂದು ಓದುತ್ತದೆ.

ಆಗ ನೆನಪಾದದ್ದು ಮೋಟು ಚೌಕಟ್ಟು. ಟೇಪು ಹಿಡಿದರೆ ಇಂಚನ್ನು ಮೊದಲು ಹೇಳುವುದು ಅಪ್ಪನ ರೂಢಿ. ಒಮ್ಮೆ ಮೇಲಿನಿಂದ "ಮೂರು, ಏಳು" ಎಂದು ಕೂಗಿದ್ದ, ಏಳು ಅಡಿ ಮೂರು ಇಂಚು ಎಂಬರ್ಥದಲ್ಲಿ. ಕೆಳಗಿದ್ದ ತೆಲುಗಿನ ಬಡಗಿ ಮೂರು ಅಡಿ ಏಳು ಇಂಚಿನ ಬಾಗಿಲ ಚೌಕಟ್ಟು ಕೊಯ್ದು ತಂದ. "ಆಡು ಕಟ್ಟಾಕ ಮಾಡಿಸೀರೇನ್ರಿ?" ಎಂದು ಅವ್ವ ದಿನವಿಡೀ ನಕ್ಕಿದ್ದಳು. ಅಳತೆ ಸರಿಯಿತ್ತು, ಕೂಗಿದವನೂ ಕೇಳಿದವನೂ ಸರಿಯಿದ್ದರು. ಯಾವುದು ಮೊದಲೆಂದು ಮಾತ್ರ ಯಾರೂ ಮಾತಾಡಿಕೊಂಡಿರಲಿಲ್ಲ.

ಓದುವ ಭಾಗವನ್ನು ಅಳಿಸಿ ಹೊಸದಾಗಿ ಬರೆದೆ. ಒಂದೊಂದೇ ಬೈಟು ಎತ್ತಿಕೊಂಡು, ಮೊದಲನೆಯದು ಚಿಕ್ಕದು, ಕೊನೆಯದು ದೊಡ್ಡದು ಎಂದು ನಾನೇ ಕೂಡಿಸುವ ಹಾಗೆ. ಯಂತ್ರದ ರೂಢಿ ಏನಾದರೂ ಇರಲಿ, ಫೈಲಿನ ರೂಢಿ ಒಂದೇ.

ಹತ್ತು ಅಡಿ ಬಂತು. ಪರೀಕ್ಷಕರು ನಂಬಲಿಲ್ಲ. ಅದೇ ಪ್ರೋಗ್ರಾಮನ್ನು ಪಿ.ಸಿ.ಯಲ್ಲೂ ಕಂಪೈಲ್ ಮಾಡಿಸಿದರು. ಅಲ್ಲಿಯೂ ಹತ್ತು. "ಅರೆ!" ಎಂದಷ್ಟೇ ಅಂದು ಸಹಿ ಹಾಕಿದರು.

ಸರ್ಟಿಫಿಕೇಟು ಕೊಡುವ ದಿನ ಅವ್ವ ಕೆಲಸದಿಂದ ನೇರವಾಗಿ ಕಾಲೇಜಿಗೆ ಬಂದಿದ್ದಳು. ಗುಮಾಸ್ತರು ಕಿಟಕಿಯಿಂದ ನನ್ನ ಕೈಗೆ ಕೊಟ್ಟರು, ನಾನು ಅವಳ ಕೈಗೆ ಕೊಟ್ಟೆ. ನಮ್ಮ ಮನೆತನದಲ್ಲಿ ಅದು ಮೊದಲನೆಯದು. ಅವ್ವ ಇಟ್ಟಿಗೆ ಹೊರೆ ತೆಗೆದುಕೊಳ್ಳುವ ಹಾಗೆ ಎರಡೂ ಅಂಗೈ ಚಾಚಿ, ಕಾಲು ಗಟ್ಟಿಯಾಗಿ ಊರಿ ನಿಂತು ತೆಗೆದುಕೊಂಡಳು. ಬೆಚ್ಚಿದವಳ ಹಾಗೆ ನನ್ನ ಮುಖ ನೋಡಿದಳು.

"ಯವ್ವಾ, ಇಷ್ಟ ಹಗೂರ ಐತೇನ ಇದು?"